ಅಂಗಿ ಜೇಬಿನ ಗುಮಾಸ್ತ

ಮೊನ್ನೆ ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರ ಬಂದು, “ಹೋದ ವರ್ಷ ಕ್ವಿಂಟಲ್ ಹಸಿ ಅಡಿಕೆಗೆ 12 ಕೆ.ಜಿ. ಒಣ ಅಡಿಕೆ ಅಂತಲೇ ಮಾತಾಗಿತ್ತಲ್ಲ ಮೇಷ್ಟ್ರೆ” ಎಂದ. ನಾನು ಮಾತಾಡಲಿಲ್ಲ. ಫೋನಿನ ಟಿಪ್ಪಣಿ ಆ್ಯಪ್ ತೆರೆದು “ಖೇಣಿ” ಎಂದು ಹುಡುಕಿ, 13 ಎಂಬ ಅಂಕಿ ತೋರಿಸಿದೆ. “ನಿಮ್ ಫೋನು ನಮ್ ಹೊಟ್ಟೆ ಮೇಲೆ ಹೊಡೀತದೆ” ಎಂದು ನಕ್ಕ. ಆ ಖುಷಿ ಸಂಜೆಯವರೆಗೂ ಇಳಿಯಲಿಲ್ಲ.

ನನ್ನ ಗುಟ್ಟು ಇಷ್ಟೇ: ತಾರೀಕನ್ನು ತಿರುಗುಮುರುಗಾಗಿ ಬರೆಯುವುದು. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಪ್ರತಿ ಟಿಪ್ಪಣಿಯ ಹೆಸರನ್ನು 2024-11-03 ಎಂದು ಶುರುಮಾಡಿ, ಹೆಸರಿನ ಪ್ರಕಾರ ಜೋಡಿಸು ಅಂದರೆ ಭದ್ರಾ ನಾಲೆಗೆ ನೀರು ಬಿಟ್ಟ ದಿನ, ಗೊಬ್ಬರ ಹಾಕಿಸಿದ್ದು, ಕೂಲಿ ಕೊಟ್ಟದ್ದು ಎಲ್ಲವೂ ತಾವೇ ಸಾಲಿಗೆ ನಿಲ್ಲುತ್ತವೆ. ಒಂದಂಕಿಯ ತಿಂಗಳಿಗೆ ಮೊದಲು ಸೊನ್ನೆ ಹಾಕುವುದನ್ನು ಮಾತ್ರ ಮರೆಯಬಾರದು. ಮರೆತರೆ ಎಷ್ಟೋ ಆ್ಯಪ್‌ಗಳಲ್ಲಿ ಅಕ್ಟೋಬರ್ ಬಂದು ಫೆಬ್ರುವರಿಗಿಂತ ಮುಂದೆ ಕೂರುತ್ತದೆ. ಕನ್ನಡ ಅಂಕಿ, ಇಂಗ್ಲಿಷ್ ಅಂಕಿ ಬೆರೆಸಿದರಂತೂ ಸಾಲೇ ಎರಡಾಗುತ್ತದೆ.

ಆದರೆ ಯಾರಿಗೆ ಹೇಳಲಿ? ನಮ್ಮ ಪೇಟೆಯಲ್ಲಿ ಈಗ ಬರೆಯುವವರೇ ಕಡಿಮೆ, ಎಲ್ಲರದೂ ವಾಯ್ಸ್ ಮೆಸೇಜು. ಮೋಟಾರು ಕಟ್ಟಿಸಿದ್ದು ಯಾವಾಗ ಎಂದು ಕೇಳಿದರೆ, “ಅಲ್ಲೇ ಹೇಳಿದೀನಿ ನೋಡಿ ಅಣ್ಣ” ಎನ್ನುತ್ತಾರೆ. ನೋಡುವುದೆಲ್ಲಿ, ಕೇಳಬೇಕು! ಬೈಕಿನ ಸದ್ದು, ಕೆಮ್ಮು, ಪಕ್ಕದವರ ಹರಟೆ ದಾಟಿದ ಮೇಲೆ ಕೊನೆಗೆ ಒಂದು ತಾರೀಕು. ಬರೆದವರು ಅರ್ಧ ಸಾಲು ಬರೆದಿದ್ದರೂ ಹುಡುಕಿದರೆ ಸಿಗುತ್ತದೆ. ವಾಯ್ಸ್ ಮೆಸೇಜು ಅಂದರೆ ತಮ್ಮ ಸೋಮಾರಿತನವನ್ನು ಕೇಳುವವನ ತಲೆಗೆ ಕಟ್ಟುವ ಕೆಲಸ. ಇಂಥವರೇ ಆ್ಯಪ್ ಸರಿಯಿಲ್ಲ ಎಂದು ತಿಂಗಳಿಗೊಂದು ಬದಲಾಯಿಸುತ್ತಾರೆ.

ಆ್ಯಪ್ ಆರಿಸುವುದಕ್ಕೆ ನನ್ನದೊಂದೇ ಪರೀಕ್ಷೆ. ನೆನಪಾದದ್ದು ಮರೆಯುವಷ್ಟರಲ್ಲಿ ತೆರೆದುಕೊಳ್ಳಬೇಕು, ತೋಟದಲ್ಲಿ ನೆಟ್‌ವರ್ಕ್ ಇಲ್ಲದಾಗಲೂ. 1996ರಲ್ಲಿ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ ಬಂತಲ್ಲ, ಅದನ್ನು ಮಾಡಿದ ಜೆಫ್ ಹಾಕಿನ್ಸ್ ಯಂತ್ರಕ್ಕೂ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದ. ಜೇಬಿಗೆ ಹಿಡಿಸುತ್ತದೋ, ಕೈಗೆ ಒಗ್ಗುತ್ತದೋ ಎಂದು. ಮೆಚ್ಚಬೇಕಾದ ಬುದ್ಧಿ. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ ಅಷ್ಟೆ.

ಕನ್ನಡ ಬರುತ್ತಿದ್ದದ್ದು ನಮ್ಮ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ್ದು. ಒಳಗೆ ಲಿನಕ್ಸ್. ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡಿನ ಸಂದು. ಓದಲು ಬಾರದವರಿಗಾಗಿ ಬರಹವನ್ನು ಓದಿ ಹೇಳುವ ವ್ಯವಸ್ಥೆ. 2004ರಲ್ಲಿ ಪಿಕೋಪೆಟಾ ಮತ್ತು ಬಿಇಎಲ್ ಕಂಪನಿಗಳು ಕೂಡಿ ಅದನ್ನು ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಅದನ್ನು ಓರೆ ಮಾಡಿದರೆ ಪುಟ ಮಗುಚುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು! ಆದರೆ ಎಣಿಸಿದಷ್ಟು ಮಾರಾಟವಾಗಲಿಲ್ಲ. ಹಳ್ಳಿಗೆಂದು ಮಾಡಿದ ಯಂತ್ರ ಚನ್ನಗಿರಿ ಸಂತೆಯಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ ಆಫೀಸಿನ ಬೀರುವಿನಲ್ಲೋ ಒಂದು ಅಮಿಡಾ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಕೆಟ್ಟಿದ್ದರೂ ಸರಿ, ನಾನು ಕೊಳ್ಳುತ್ತೇನೆ. ಬೆಲೆ ಎಷ್ಟೆಂದು ದಯವಿಟ್ಟು ಬರೆದು ತಿಳಿಸಿ.