ಹೆಗಲು ಕೊಡುವ ತ್ರಾಣ

ಎರಡು ವರ್ಷಗಳ ಹಿಂದೆ, ಮಳೆಗಾಲದ ಒಂದು ಮುಂಜಾವಿನಲ್ಲಿ ನನ್ನ ಉಪ್ಪ ಅಲ್ಲಾಹನ ಕರೆಗೆ ಓಗೊಟ್ಟರು. ನಮ್ಮ ಮನೆ ಅಡಿಕೆ ತೋಟದ ತಗ್ಗಿನಲ್ಲಿದೆ. ಮಸೀದಿಯೂ ಖಬರಸ್ಥಾನವೂ ಗುಡ್ಡದ ಮೇಲಿವೆ. ನಡುವೆ ಇರುವುದು ವಾಹನ ಬಾರದ, ಪಾಚಿಗಟ್ಟಿದ ಕಲ್ಲುಮೆಟ್ಟಿಲುಗಳ ಏರುದಾರಿ. ಜನಾಝದ ಮಂಚಕ್ಕೆ ಮುಂದಿನ ಬಲಗಡೆಯಿಂದ ಹೆಗಲು ಕೊಟ್ಟವನು ನಾನು, ಹಿರಿಯ ಮಗ. ಮಸೀದಿಯವರೆಗೂ ಆ ಸ್ಥಾನವನ್ನು ಬಿಡಬಾರದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ.

ಅರವತ್ತು ಮೆಟ್ಟಿಲು ಏರುವಷ್ಟರಲ್ಲಿ ನನ್ನ ಉಸಿರು ಕಟ್ಟಿತು. ಎದೆ ಬಡಿತ ಕಿವಿಯಲ್ಲಿ ಕೇಳತೊಡಗಿತು, ಮೊಣಕಾಲುಗಳು ನಡುಗಿದವು, ಮಂಚ ಒಂದು ಕ್ಷಣ ನನ್ನ ಕಡೆಗೆ ವಾಲಿತು. ಹಿಂದಿನಿಂದ ಯಾರೋ, “ಉಸ್ತಾದ್, ಬಿಡಿ, ನಾನು ಹಿಡಿಯುತ್ತೇನೆ” ಎಂದರು. ತಿರುಗಿ ನೋಡಿದರೆ ನನ್ನದೇ ಮದ್ರಸದಲ್ಲಿ ಅಲಿಫ್ ಬಾ ಕಲಿತ ಹುಡುಗ. ಅವನು ನನ್ನ ಉಪ್ಪನನ್ನು ಹೊತ್ತು ಮೇಲಕ್ಕೆ ನಡೆದ. ನಾನು ಮೆಟ್ಟಿಲ ಬದಿಯ ಕಟ್ಟೆಗೆ ಕೈಯೂರಿ, ಏದುಸಿರು ಬಿಡುತ್ತಾ, ನನ್ನ ತಂದೆಯ ಜನಾಝ ನನ್ನನ್ನು ದಾಟಿ ಹೋಗುವುದನ್ನು ನೋಡುತ್ತಾ ನಿಂತೆ.

ಯಾರೂ ಒಂದು ಮಾತೂ ಆಡಲಿಲ್ಲ. ದುಃಖದಿಂದ ಕುಸಿದರೆಂದೇ ಎಲ್ಲರೂ ಭಾವಿಸಿದರು. ನಿಜವೇನೆಂದು ನನಗೆ ತಿಳಿದಿತ್ತು. ಆಗ ನನಗೆ ನಲವತ್ತನಾಲ್ಕು ವರ್ಷ, ಯಾವ ಕಾಯಿಲೆಯೂ ಇರಲಿಲ್ಲ. ಬೆಳಿಗ್ಗೆ ಮದ್ರಸದಲ್ಲಿ ಕುಳಿತು ಪಾಠ, ಹಗಲು ಶಾಲೆಯಲ್ಲಿ ಕನ್ನಡ ಪಾಠ, ಸಂಜೆ ಮತ್ತೆ ಮದ್ರಸ, ಇವುಗಳ ನಡುವಿನ ಒಂದು ಕಿಲೋಮೀಟರಿಗೂ ಬೈಕು. ಪ್ರತಿ ಮನೆಯಲ್ಲೂ ಸಕ್ಕರೆ ತುಂಬಿದ ಚಹಾ. ಹದಿನೆಂಟು ವರ್ಷ ಹೀಗೆ ಬದುಕಿದ ದೇಹ ಅಂದು ತನ್ನ ಲೆಕ್ಕ ಒಪ್ಪಿಸಿತು, ಅಷ್ಟೆ.

ಬಿ.ಎ. ತರಗತಿಯಲ್ಲಿ ನಮ್ಮ ಅಧ್ಯಾಪಕರು ಒಮ್ಮೆ ಹೇಳಿದ ಮಾತು ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ‘ತ್ರಾಣ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ರಕ್ಷಣೆ ಎಂಬ ಅರ್ಥ. ಕನ್ನಡಕ್ಕೆ ಬಂದ ಮೇಲೆ ಅದು ಬಲ, ಕಸುವು ಎಂಬ ಅರ್ಥದಲ್ಲಿ ನಿಂತಿತು. ಅಂದು ಅದನ್ನು ಪರೀಕ್ಷೆಗಾಗಿ ಬರೆದುಕೊಂಡಿದ್ದೆ. ಈ ಎರಡು ಅರ್ಥಗಳಿಗಿರುವ ನಂಟು ಕಲ್ಲುಮೆಟ್ಟಿಲ ಮೇಲೆ ತಿಳಿಯಿತು. ತ್ರಾಣವಿಲ್ಲದವನು ಯಾರನ್ನೂ ಹೊರಲಾರ, ಯಾರಿಗೂ ಆಸರೆಯಾಗಲಾರ.

ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನಗಳು ಮುಗಿದ ಮೇಲೆ ಉಮ್ಮ ಒಂದು ರಾತ್ರಿ ನನ್ನನ್ನು ಬಳಿಗೆ ಕರೆದರು. “ಮಗನೇ, ನಿನ್ನ ಉಪ್ಪನ ಜೊತೆ ಉಮ್ರಾಕ್ಕೆ ಹೋಗಬೇಕೆಂದಿದ್ದೆ. ಇನ್ನು ನೀನೇ ಕರೆದುಕೊಂಡು ಹೋಗಬೇಕು” ಎಂದರು. ಉಮ್ಮನಿಗೆ ಅರವತ್ತೆಂಟು ವರ್ಷ. ಎರಡೂ ಮೊಣಕಾಲುಗಳಲ್ಲಿ ನೋವು. ಇನ್ ಶಾ ಅಲ್ಲಾಹ್ ಎಂದೆ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಬಾರಿ ನಡೆದರೆ ಮೂರು ಕಿಲೋಮೀಟರಿಗೂ ಹೆಚ್ಚು. ಅದಕ್ಕಿಂತ ಮೊದಲು ಕಅಬಾಕ್ಕೆ ಏಳು ಸುತ್ತು ತವಾಫ್. ಗಾಲಿಕುರ್ಚಿಯಲ್ಲಿ ಕುಳಿತವರೊಂದಿಗೆ ಮೇಲಿನ ಮಹಡಿಯಲ್ಲಿ ಸುತ್ತಬೇಕಾಗಿ ಬಂದರೆ ಆ ಸುತ್ತು ಹಲವು ಪಟ್ಟು ದೀರ್ಘವಾಗುತ್ತದೆ. ಅರವತ್ತು ಮೆಟ್ಟಿಲಿಗೆ ಸೋತವನು ಉಮ್ಮನನ್ನು ಹೇಗೆ ತಳ್ಳಿಕೊಂಡು ಹೋಗಲಿ? ಹಣ ಕೊಟ್ಟರೆ ತಳ್ಳುವವರು ಅಲ್ಲಿ ಸಿಗುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ನನ್ನ ಭಾರವನ್ನು ಒಮ್ಮೆ ಇನ್ನೊಬ್ಬರ ಹೆಗಲಿಗೆ ದಾಟಿಸಿದ್ದಾಗಿತ್ತು. ಎರಡನೆಯ ಬಾರಿ ದಾಟಿಸಲು ಮನಸ್ಸು ಒಪ್ಪಲಿಲ್ಲ. ಹೊರಡಲು ಹನ್ನೊಂದು ತಿಂಗಳುಗಳಿದ್ದವು.

ಮೊದಲ ತಪ್ಪು ಎರಡನೆಯ ವಾರದಲ್ಲೇ ಆಯಿತು. ಅತಿ ಉತ್ಸಾಹದಿಂದ ಸಂಜೆ ಮೈದಾನದಲ್ಲಿ ಹುಡುಗರೊಡನೆ ಓಡಿದೆ. ನಾಲ್ಕನೆಯ ದಿನ ಮುಂಗಾಲಿನ ಎಲುಬಿನುದ್ದಕ್ಕೂ ನೋವು ಹಿಡಿದು, ರುಕೂಉವಿಂದ ಸುಜೂದಿಗೆ ಹೋಗುವುದೂ ಕಷ್ಟವಾಯಿತು. ಹತ್ತು ದಿನ ಕುಂಟಿದೆ. ನಮ್ಮ ಶಾಲೆಯ ದೈಹಿಕ ಶಿಕ್ಷಣದ ಮೇಷ್ಟ್ರು ನಕ್ಕು ಹೇಳಿದರು: “ಉಸ್ತಾದರೇ, ಹೃದಯ, ಶ್ವಾಸಕೋಶ ಬೇಗ ಕಲಿಯುತ್ತವೆ. ಎಲುಬು, ಕೀಲು, ಸ್ನಾಯುರಜ್ಜು ನಿಧಾನದ ವಿದ್ಯಾರ್ಥಿಗಳು. ಒಂದೇ ತರಗತಿಯಲ್ಲಿ ಕುಳಿತಿರುವಾಗ ಪಾಠವನ್ನು ಯಾರ ವೇಗಕ್ಕೆ ಮಾಡುತ್ತೀರಿ?”

ಶಿಕ್ಷಕನಾದ ನನಗೆ ಆ ಮಾತು ನಾಟಿತು. ಅದಕ್ಕಿಂತಲೂ ಹೆಚ್ಚು ನಾಟಿದ್ದು, ವರ್ಷಗಳಿಂದ ನಾನೇ ಮಕ್ಕಳಿಗೆ ಕಲಿಸುತ್ತಾ ಬಂದ ಹದೀಸುಗಳು. ಪ್ರಮಾಣದಲ್ಲಿ ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಧರ್ಮದ ವಿಷಯದಲ್ಲೇ ಮಿತಿಮೀರಿ ಹೊರೆ ಹೊತ್ತುಕೊಳ್ಳುವವನನ್ನು ಆ ಹೊರೆಯೇ ಸೋಲಿಸುತ್ತದೆ ಎಂದು ಎಚ್ಚರಿಸಿ, ಪಯಣಿಗನಂತೆ ಮುಂಜಾನೆ, ಸಂಜೆ ಹಾಗೂ ಇರುಳಿನ ಕೊಂಚ ಹೊತ್ತನ್ನು ಬಳಸಿಕೊಳ್ಳಲು ಹೇಳಿದ್ದಾರೆ. ಇದನ್ನು ನಾನು ಸದಾ ನಫಿಲ್ ಆರಾಧನೆಗಳ ಕುರಿತಾಗಿಯೇ ವಿವರಿಸುತ್ತಿದ್ದೆ. ಕಾಲಿಗೂ ಅದೇ ನಿಯಮ ಅನ್ವಯವಾಗುತ್ತದೆಂದು ಕಾಲು ನೊಂದ ಮೇಲೆ ಅರಿತೆ.

ಮತ್ತೆ ಮೊದಲಿನಿಂದ ಆರಂಭಿಸಿದೆ. ಫಜ್ರ್ ನಮಾಝಿನ ನಂತರ 20 ನಿಮಿಷ, ಸಮತಟ್ಟಾದ ರಸ್ತೆಯಲ್ಲಿ, ವಾರಕ್ಕೆ ಐದು ದಿನ ನಡಿಗೆ. ವೇಗಕ್ಕೆ ಮೇಷ್ಟ್ರು ಹೇಳಿಕೊಟ್ಟ ಅಳತೆ ಸರಳವಾಗಿತ್ತು: ಜೊತೆಗಾರರೊಡನೆ ಮಾತಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ನಾನು ಅದನ್ನು ನನಗೆ ಹೊಂದುವಂತೆ ಮಾಡಿಕೊಂಡೆ. ಸಣ್ಣ ಆಯತ್‌ಗಳನ್ನು ವಕ್ಫ್‌ನ ಸ್ಥಾನದವರೆಗೂ ಉಸಿರು ಮುರಿಯದೆ ಓದಲು ಆಗುವುದಾದರೆ ವೇಗ ಸರಿಯಿದೆ. ನಡುವೆಯೇ ಉಸಿರು ಕಡಿದರೆ ನಿಧಾನಿಸಬೇಕು. ದೀರ್ಘ ಆಯತ್‌ಗಳೂ ಸಲೀಸಾಗಿ ಬರುತ್ತಿದ್ದರೆ ಹೆಜ್ಜೆ ಚುರುಕಾಗಬೇಕು. ಎರಡು ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚಿಸಿದೆ. ಮೂರು ತಿಂಗಳಲ್ಲಿ ನಡಿಗೆ 45 ನಿಮಿಷಕ್ಕೆ ಬಂತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಆ ಗೆರೆ ದಾಟಿದ್ದೆ.

ಒಳಗೆ ಏನು ನಡೆಯುತ್ತದೆಂದು ತಿಳಿದಾಗ ಸೃಷ್ಟಿಕರ್ತನನ್ನು ಸ್ತುತಿಸದೆ ಇರಲಾಗಲಿಲ್ಲ. ಹೃದಯವೂ ಒಂದು ಸ್ನಾಯುವೇ. ಕ್ರಮವಾಗಿ ಶ್ರಮಿಸಿದರೆ ಅದು ಒಂದೊಂದು ಬಡಿತದಲ್ಲೂ ಮೊದಲಿಗಿಂತ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ. ಆದ್ದರಿಂದ ಅಷ್ಟೇ ಕೆಲಸಕ್ಕೆ ಕಡಿಮೆ ಬಾರಿ ಬಡಿದರೆ ಸಾಕು. ಕಾಲಿನ ಸ್ನಾಯುಗಳಲ್ಲಿ ಕೂದಲಿಗಿಂತ ತೆಳುವಾದ ಹೊಸ ರಕ್ತನಾಳಗಳು ಮೂಡುತ್ತವೆ. ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಜೀವಕೋಶಗಳೊಳಗೆ ಹೆಚ್ಚುತ್ತವೆ. ಈ ನಿರ್ಮಾಣವೆಲ್ಲ ನಡೆಯುವುದು ಬಹುಪಾಲು ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ. ಆದ್ದರಿಂದಲೇ ವಾರದಲ್ಲಿ ಬಿಡುವಿನ ದಿನವೂ ವ್ಯಾಯಾಮದ ಭಾಗವೇ. ಕೆಲವು ವಾರ ಪೂರ್ತಿಯಾಗಿ ನಿಲ್ಲಿಸಿದರೆ ಗಳಿಸಿದ್ದು ಕರಗತೊಡಗುತ್ತದೆ. ನಿರಂತರತೆ ಎಂಬುದಕ್ಕೆ ದೇಹವೂ ಸಾಕ್ಷಿ ನುಡಿಯುತ್ತದೆ.

ನಾಲ್ಕನೆಯ ತಿಂಗಳಲ್ಲಿ ಅದೇ ಕಲ್ಲುಮೆಟ್ಟಿಲಿಗೆ ಹೋದೆ. ಮೊದಲು ಬರಿಗೈಯಲ್ಲಿ ಏರಿದೆ. ನಂತರ ಬೆನ್ನಚೀಲದಲ್ಲಿ ಮೂರು ಕಿಲೋ ಅಕ್ಕಿ ಹಾಕಿಕೊಂಡು ಏರಿದೆ. ಎರಡು ವಾರಕ್ಕೊಂದು ಕಿಲೋದಂತೆ ಹೆಚ್ಚಿಸಿದೆ. ಒಂದು ನಿಮಿಷ ಚುರುಕಾಗಿ, ಎರಡು ನಿಮಿಷ ನಿಧಾನವಾಗಿ ಎಂಬ ಕ್ರಮವನ್ನು ವಾರಕ್ಕೊಮ್ಮೆ ಮಾತ್ರ ಸೇರಿಸಿದೆ. ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು ಮುಂತಾದ ಬಲದ ಅಭ್ಯಾಸಗಳನ್ನು ಮಾಡಿದೆ. ಮಸೀದಿಗೆ ನೀರಿನ ಕ್ಯಾನ್ ತರುವ ಕೈಗಾಡಿಯನ್ನು ತಳ್ಳುವ ಕೆಲಸವನ್ನು ಕೇಳಿ ಪಡೆದೆ. ರಮಝಾನ್ ಬಂದಾಗ ಏನನ್ನೂ ಹೆಚ್ಚಿಸಲಿಲ್ಲ, ಏನನ್ನೂ ಬಿಡಲೂ ಇಲ್ಲ. ಇಫ್ತಾರಿಗೆ ಅರ್ಧ ಗಂಟೆ ಇರುವಾಗ ಮೆಲ್ಲನೆ ನಡೆದೆ; ಬಾಯಾರಿಕೆ ಹೆಚ್ಚಾದ ದಿನ ಅದನ್ನೂ ತರಾವೀಹ್‌ನ ನಂತರಕ್ಕೆ ಮುಂದೂಡಿದೆ.

ಉಮ್ಮನನ್ನೂ ಹಾಗೇ ಬಿಡಲಿಲ್ಲ. ವೈದ್ಯರಿಗೆ ತೋರಿಸಿ, ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ, ಅವರ ಒಪ್ಪಿಗೆಯ ನಂತರ ಅಂಗಳದಲ್ಲಿ ಐದು ನಿಮಿಷದ ನಡಿಗೆ ಆರಂಭಿಸಿದೆವು. ನನ್ನ ಪತ್ನಿ ಜೊತೆಗೆ ನಡೆಯುತ್ತಿದ್ದಳು. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ನೆರೆಮನೆಯ ಹಿರಿಯರೊಬ್ಬರು ಕೇಳಿದರು. ಪ್ರವಾದಿವರ್ಯರು(ಸ) ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದನ್ನೂ, ಮೊದಲ ಬಾರಿ ಅವರು ಗೆದ್ದು, ವರ್ಷಗಳ ನಂತರ ಪ್ರವಾದಿವರ್ಯರು(ಸ) ಗೆದ್ದುದನ್ನೂ ನೆನಪಿಸಿದೆ. ಅವರು ನಕ್ಕು ಸುಮ್ಮನಾದರು. ಒಂದು ತಿಂಗಳ ನಂತರ ಅವರ ಸೊಸೆಯೂ ನಮ್ಮ ಅಂಗಳಕ್ಕೆ ಬರತೊಡಗಿದಳು. ಹೊರಡುವ ವೇಳೆಗೆ ಉಮ್ಮ ಕೋಲಿನ ಸಹಾಯದಿಂದ 15 ನಿಮಿಷ ನಡೆಯುವಂತಾಗಿದ್ದರು.

ಮಕ್ಕಾ ತಲುಪಿ ತವಾಫ್‌ಗೆ ನಿಂತಾಗ ನನಗೆ ಹಿಜರಿ 7ನೆಯ ವರ್ಷದ ಉಮ್ರಾ ನೆನಪಾಯಿತು. ಯಸ್ರಿಬ್‌ನ ಜ್ವರ ಮುಸ್ಲಿಮರನ್ನು ಬಲಹೀನರನ್ನಾಗಿ ಮಾಡಿದೆ ಎಂದು ಮಕ್ಕಾದವರು ಆಡಿಕೊಂಡಾಗ, ಮೊದಲ ಮೂರು ಸುತ್ತುಗಳಲ್ಲಿ ಬಿರುಸು ಹೆಜ್ಜೆ ಹಾಕುವಂತೆ ಪ್ರವಾದಿವರ್ಯರು(ಸ) ತಮ್ಮ ಸಂಗಡಿಗರಿಗೆ ಆಜ್ಞಾಪಿಸಿದ್ದರು. ಏಳೂ ಸುತ್ತುಗಳಲ್ಲಿ ಹಾಗೆ ಮಾಡಲು ಹೇಳದಿದ್ದುದು ಅವರ ಮೇಲಿನ ಅನುಕಂಪದಿಂದ ಎಂದು ಹ. ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಬಲವನ್ನು ತೋರಬೇಕಾದಲ್ಲಿ ತೋರುವುದು, ಉಳಿದ ದಾರಿಗಾಗಿ ಉಳಿಸಿಕೊಳ್ಳುವುದು, ಇವೆರಡೂ ಆ ಒಂದೇ ಆಜ್ಞೆಯಲ್ಲಿವೆ.

ಸಈಯ ಮೊದಲ ನಡಿಗೆಯನ್ನು ಉಮ್ಮ ನನ್ನ ಕೈ ಹಿಡಿದು ಕಾಲ್ನಡಿಗೆಯಲ್ಲೇ ಪೂರೈಸಿದರು. ಮರ್ವಾದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತರು. ಉಳಿದ ಆರನ್ನು ನಾನು ತಳ್ಳಿದೆ. ಹಸಿರು ದೀಪಗಳ ನಡುವೆ ಇತರ ಗಂಡಸರು ಬಿರುಸಾಗಿ ಸಾಗುತ್ತಿದ್ದರು. ನಾನು ಕುರ್ಚಿ ಯಾರಿಗೂ ತಾಗದಂತೆ ನನ್ನ ಲಯದಲ್ಲೇ ನಡೆದೆ. ಈ ದಾರಿಯಲ್ಲಿ ಒಬ್ಬ ತಾಯಿ, ಬೀಬಿ ಹಾಜರಾ(ಅ), ಯಾವ ಆಸರೆಯೂ ಇಲ್ಲದ ಬೆಂಗಾಡಿನಲ್ಲಿ, ಬಾಯಾರಿದ ಹಸುಳೆಗಾಗಿ ಏಳು ಬಾರಿ ಓಡಾಡಿದ್ದರು. ಆಕೆಯ ತ್ರಾಣ ಆಕೆಗಾಗಿ ಇರಲಿಲ್ಲ. ಆ ಹೆಜ್ಜೆಗಳನ್ನು ಅಲ್ಲಾಹನು ಅಂತ್ಯದಿನದವರೆಗೆ ಆರಾಧನೆಯಾಗಿ ಉಳಿಸಿದನು.

ಐದನೆಯ ನಡಿಗೆಯ ಮಧ್ಯದಲ್ಲಿ ಉಮ್ಮ ಕತ್ತು ಹೊರಳಿಸಿ ಕೇಳಿದರು: “ಮಗನೇ, ದಣಿವಾಯಿತಾ? ಸ್ವಲ್ಪ ನಿಲ್ಲೋಣವೇ?”

“ಇಲ್ಲ ಉಮ್ಮಾ, ನೀವು ದುಆ ಮಾಡುತ್ತಾ ಇರಿ” ಎಂದೆ. ವಾಕ್ಯ ಪೂರ್ತಿಯಾಗಿ, ಉಸಿರು ಮುರಿಯದೆ ಹೊರಬಂತು. ಉಮ್ಮನಿಗೆ ಅದು ಸಾಮಾನ್ಯ ಉತ್ತರ. ನಾನು ಮಾತ್ರ ಕಣ್ಣೊರೆಸಿಕೊಳ್ಳಲು ಒಂದು ಕೈಯನ್ನು ಕುರ್ಚಿಯಿಂದ ತೆಗೆದೆ.

ಪ್ರಿಯ ಓದುಗರೇ, ನಾನು ಕ್ರೀಡಾಪಟುವಲ್ಲ. ಇಂದಿಗೂ ಆ ಹುಡುಗರು ನನ್ನನ್ನು ಓಟದಲ್ಲಿ ಸುಲಭವಾಗಿ ಹಿಂದಿಕ್ಕುತ್ತಾರೆ. ಎಲ್ಲರೂ ನನ್ನಂತೆ ಅಕ್ಕಿ ಹೊತ್ತು ಮೆಟ್ಟಿಲೇರಬೇಕೆಂದೂ ಹೇಳುವುದಿಲ್ಲ. ಎದೆನೋವು, ತಲೆಸುತ್ತು ಇರುವವರು, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರು ಮೊದಲು ವೈದ್ಯರನ್ನು ಕಾಣಬೇಕು. ಹಜ್ಜ್ ಅಥವಾ ಉಮ್ರಾಕ್ಕೆ ಹೊರಡುವವರು ಹೊಸ ಚಪ್ಪಲಿಯನ್ನು ಅಲ್ಲಿಗೇ ಕೊಂಡೊಯ್ಯದೆ, ತಿಂಗಳ ಮೊದಲೇ ಧರಿಸಿ ನಡೆದು ಪಳಗಿಸಿಕೊಳ್ಳಬೇಕು. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ ಮೊದಲ ದಿನಗಳಲ್ಲಿ ಅವಸರ ಮಾಡದೆ, ಬಾಯಾರುವ ಮುನ್ನವೇ ನೀರು ಕುಡಿಯಬೇಕು. ಮಿನಾದಿಂದ ಅರಫಾಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸು ಇದ್ದೇ ಇರುತ್ತದೆ ಎಂಬ ಭರವಸೆಯಲ್ಲಿ ಕಾಲುಗಳನ್ನು ಮರೆಯಬಾರದು.

ದುರ್ಬಲ ವಿಶ್ವಾಸಿಗಿಂತ ಸಬಲ ವಿಶ್ವಾಸಿ ಅಲ್ಲಾಹನಿಗೆ ಹೆಚ್ಚು ಪ್ರಿಯನೆಂದೂ, ಇಬ್ಬರಲ್ಲೂ ಒಳಿತಿದೆಯೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಇದರ ಎರಡನೆಯ ಭಾಗ ರೋಗಿಗಳಿಗೆ, ವೃದ್ಧರಿಗೆ ಸಾಂತ್ವನ. ಆರೋಗ್ಯವಿದ್ದೂ ಸೋಮಾರಿಯಾಗಿದ್ದ ನನ್ನಂಥವರು ಅದರ ಹಿಂದೆ ಅಡಗಿಕೊಳ್ಳುವಂತಿಲ್ಲ. ನಮ್ಮ ಮೇಲೆ ನಮ್ಮ ದೇಹಕ್ಕೂ ಹಕ್ಕಿದೆ. ಅದು ನಮಗೆ ಒಪ್ಪಿಸಲಾದ ಅಮಾನತ್.

ಊರಿಗೆ ಮರಳಿದ ಮರುದಿನ ಫಜ್ರ್‌ನ ನಂತರ ಕಲ್ಲುಮೆಟ್ಟಿಲು ಏರಿ ಉಪ್ಪನ ಖಬರಿನ ಬಳಿ ನಿಂತೆ. ಅಂದು ಅವರನ್ನು ಪೂರ್ತಿ ಹೊರಲಾಗದ ಲೆಕ್ಕ ಹಾಗೆಯೇ ಉಳಿದಿದೆ, ಅದನ್ನು ಇನ್ನು ತೀರಿಸಲಾಗದು. ಸಲಾಮ್ ಹೇಳಿ, ದುಆ ಮಾಡಿ ಇಳಿದು ಬಂದೆ. ಅಂಗಳದಲ್ಲಿ ಉಮ್ಮ ಕೋಲು ಹಿಡಿದು ನನಗಾಗಿ ಕಾಯುತ್ತಿದ್ದರು. ಅವರ 15 ನಿಮಿಷದ ನಡಿಗೆ ಇನ್ನೂ ಬಾಕಿಯಿತ್ತು.

ಒಬ್ಬರು ಇನ್ನೊಬ್ಬರಿಗೆ ಹೆಗಲಾಗುವ ತ್ರಾಣವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ನಮ್ಮಿಂದ ಅಗಲಿದವರ ಖಬರುಗಳನ್ನು ಬೆಳಗಿಸಲಿ. ಆಮೀನ್.