ಎಡಗಾಲಿಟ್ಟು ಬಾ

38 ವರ್ಷಗಳ ಹಿಂದೆ ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಬಲಗಾಲಲ್ಲಿ ಒದ್ದು ಈ ಮನೆಗೆ ಬಂದವಳು ನಾನು. ಹೋದ ಕಾರ್ತಿಕದಲ್ಲಿ ಆಸ್ಪತ್ರೆಯಿಂದ ಮರಳಿದಾಗ ಅದೇ ಹೊಸ್ತಿಲು ಕಾಯುತ್ತಿತ್ತು, ಆದರೆ ನಡುವೆ 18 ಮೆಟ್ಟಿಲು. ಅಕ್ಕಿ ಒದ್ದ ಆ ಬಲಗಾಲಿನ ಕೀಲೇ ಸವೆದುಹೋಗಿ ಈಗ ಲೋಹದ್ದು ಬಂದು ಕೂತಿತ್ತು. ಜೊತೆಗಿದ್ದ ಫಿಸಿಯೋ ಹುಡುಗಿ, "ಆಂಟಿ, ಹತ್ತುವಾಗ ಎಡಗಾಲು ಮೊದಲು. ಇಳಿಯುವಾಗ ಬಲಗಾಲು ಮೊದಲು. ಮರೀಬೇಡಿ" ಎಂದಳು.

ಮೇಲೆ ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. 88ರ ಅವರ ಕಿವಿಗೆ ನಾನು ಕರೆದದ್ದು ಕೇಳಿಸುವುದಿಲ್ಲ, ಇಂಥದ್ದು ಕೇಳಿಸುತ್ತದೆ. "ಎಡಗಾಲೇ? ಯಾವ ಶಾಸ್ತ್ರದಲ್ಲಿದೆಯಮ್ಮಾ ಅದು?"

ಶಾಸ್ತ್ರ ಇದೆ. ಎರಡು ಪಾದಗಳೂ ಬೇರೆಬೇರೆ ಮೆಟ್ಟಿಲಲ್ಲಿರುವಾಗ ದುಡಿಯುವುದು ಮೇಲಿನ ಕಾಲು. ಹತ್ತುವಾಗ ಅದು ಮೈಯನ್ನು ಎತ್ತಿಕೊಳ್ಳುತ್ತದೆ. ಇಳಿಯುವಾಗಲೂ ಅದೇ ಮಂಡಿ ಮಡಿಸುತ್ತ, ಬಿಗಿಹಿಡಿಯುತ್ತ, ಬಾವಿಗೆ ಕೊಡ ಬಿಟ್ಟ ಹಾಗೆ ಮೈಯನ್ನು ಮೆಲ್ಲಗೆ ಕೆಳಗೆ ಬಿಡುತ್ತದೆ. ಕೆಳಗಿನ ಕಾಲಿನದು ಬರೀ ನೆಲ ಮುಟ್ಟುವ ಕೆಲಸ. ಹಾಗಾಗಿ ಗಟ್ಟಿ ಕಾಲು ಯಾವಾಗಲೂ ಮೇಲಿನ ಮೆಟ್ಟಿಲಲ್ಲಿರಬೇಕು. ಹುಟ್ಟಿದಾಗಿನಿಂದ ಮೆಟ್ಟಿಲು ಹತ್ತಿಳಿದಿದ್ದೇನೆ, ಇದು ಒಂದು ದಿನವೂ ಹೊಳೆದಿರಲಿಲ್ಲ.

ನೋಡಲು ಬಂದವರೆಲ್ಲ "ಸೊಂಟಾನೇ ಬದಲಾಯಿಸಿದ್ರಂತೆ?" ಎಂದು ನನ್ನ ಸುತ್ತಳತೆಯನ್ನೊಮ್ಮೆ ಕಣ್ಣಲ್ಲೇ ಅಳೆಯುತ್ತಿದ್ದರು. ಡಾಬು ಕಟ್ಟುವ ಜಾಗಕ್ಕೂ ಸೊಂಟ, ತೊಡೆ ತಿರುಗುವ ಕೀಲಿಗೂ ಸೊಂಟ ಎಂದರೆ ಹೀಗೇ ಆಗುವುದು. ಡಾಬಿನ ಜಾಗ ಹಾಗೇ ಇದೆ, ದುರದೃಷ್ಟವಶಾತ್. ಬದಲಾದದ್ದು ತೊಡೆಮೂಳೆಯ ತುದಿಯ ಗುಂಡು ಮತ್ತು ಆ ಗುಂಡು ಕೂರುವ ಬಟ್ಟಲು.

ಆಪರೇಷನ್ನಿಗೆ ಮೊದಲು ಡಾಕ್ಟರು ಅದರ ಮಾದರಿಯನ್ನು ಕೈಗಿತ್ತಿದ್ದರು. ಬಟ್ಟಲಿನ ಒಳಮೈಗೆ ಬಿಳಿ ಪ್ಲಾಸ್ಟಿಕ್. ಉಗುರಿನಿಂದ ಒತ್ತಿ ನೋಡಿದೆ. ಒಂಥರಾ ಜಾರುಜಾರು, ಮೇಣದಂತೆ. ಎಲ್ಲೋ ಮುಟ್ಟಿದ್ದೇನಲ್ಲ ಅನ್ನಿಸಿತು. ನನ್ನ ತವರು ದೊಡ್ಡಬಳ್ಳಾಪುರ. ಕೆಳಗೆ ಅಪ್ಪನ ಪವರ್‌ಲೂಮ್, ಮೇಲೆ ನಮ್ಮ ಸಂಸಾರ. ಲಾಳಿಗೆ ಏಟು ಕೊಡುವ ಪಿಕ್ಕರ್ ಮೊದಲು ಚರ್ಮದ್ದಿತ್ತು, ಆಮೇಲೆ ಬಂದದ್ದು ಇಂಥದೇ ಬಿಳಿ ಪ್ಲಾಸ್ಟಿಕ್ಕಿನದು. ಡಾಕ್ಟರಿಗೆ ಹೇಳಿದರೆ ನಕ್ಕಾರು ಎಂದು ಸುಮ್ಮನಿದ್ದೆ. ಹಾಸಿಗೆ ಹಿಡಿದ ದಿನಗಳಲ್ಲಿ ಓದುತ್ತಾ ಹೋದಾಗ ನನ್ನ ಬೆರಳು ಸುಳ್ಳು ಹೇಳಿರಲಿಲ್ಲ ಎಂದು ಗೊತ್ತಾಯಿತು.

1891ರ ಹೊತ್ತಿಗೇ ಬರ್ಲಿನ್ನಿನ ಗ್ಲುಕ್ ಎಂಬಾತ ಆನೆದಂತದ ಕೀಲು ಕೂರಿಸಿ ನೋಡಿದ್ದ. ಎರಡನೆಯ ಮಹಾಯುದ್ಧದ ನಂತರ ಪ್ಯಾರಿಸ್ಸಿನ ಜ್ಯೂಡೆ ಸೋದರರು ಅಕ್ರಿಲಿಕ್ಕಿನ ಗುಂಡು ಹಾಕಿದರು. ಅಂಥ ಗುಂಡು ಹಾಕಿಸಿಕೊಂಡ ಒಬ್ಬನ ಕೀಲು ಊಟದ ಮೇಜಿನ ಮುಂದೆ ಬಗ್ಗಿದಾಗಲೆಲ್ಲ ಕಿರ್ ಎನ್ನುತ್ತಿತ್ತಂತೆ, ಹೆಂಡತಿ ತಾಳಲಾರದೆ ಎದ್ದು ಹೋಗುತ್ತಿದ್ದಳಂತೆ. ಆ ಕಿರ್ ಸದ್ದಿನ ಬೆನ್ನು ಹತ್ತಿದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಲ್ಯಾಂಕಾಶೈರಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಟೆಫ್ಲಾನಿನ ಬಟ್ಟಲು ಮಾಡಿ ಸುಮಾರು 300 ಮಂದಿಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಅದು ಸವೆದು, ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿ, ಒಂದೊಂದನ್ನೇ ತೆಗೆಯಬೇಕಾಗಿ ಬಂತು. ದೇಹ ಇದನ್ನು ಹೇಗೆ ಸಹಿಸುತ್ತದೆ ನೋಡೋಣವೆಂದು ಚಾರ್ನ್‌ಲಿ ತಮ್ಮ ತೊಡೆಯೊಳಗೇ ಒಂದಿಷ್ಟು ಟೆಫ್ಲಾನ್ ಇಟ್ಟುಕೊಂಡಿದ್ದರು!

1962ರ ಮೇ ತಿಂಗಳಲ್ಲಿ ಒಬ್ಬ ಪ್ಲಾಸ್ಟಿಕ್ ಮಾರುವವನು ಚಾರ್ನ್‌ಲಿಯವರ ಪ್ರಯೋಗಾಲಯಕ್ಕೆ ಬಂದ. ಅವನ ಕೈಯಲ್ಲಿದ್ದದ್ದು ಲ್ಯಾಂಕಾಶೈರಿನ ಮಗ್ಗಗಳ ಹಲ್ಲುಗಾಲಿಗೆ ಬಳಸುವ ಪಾಲಿಎಥಿಲೀನ್. ಚಾರ್ನ್‌ಲಿ ಹೆಬ್ಬೆರಳಿನ ಉಗುರು ಊರಿ ನೋಡಿ, ಇದು ಆಗದು ಎಂದು ಹೊರಟುಹೋದರು. ಹ್ಯಾರಿ ಕ್ರೇವನ್ ಎಂಬ ಅವರ ಮೆಕ್ಯಾನಿಕ್ ಮಾತ್ರ, ಧಣಿ ಕೋಪನ್‌ಹೇಗನ್ನಿಗೆ ಹೋದ ಸಮಯ ನೋಡಿ, ಅದನ್ನು ಸವೆತದ ಯಂತ್ರಕ್ಕೆ ಕಟ್ಟಿದ. ಹಗಲೂ ರಾತ್ರಿ ಮೂರು ವಾರ ಉಜ್ಜಿದರೂ ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಅದು ಸವೆಯಲಿಲ್ಲ. ಅದೇ ನವೆಂಬರಿನಲ್ಲಿ ಮನುಷ್ಯರ ಮೈಯೊಳಗೆ ಹೋಯಿತು. ಮಾಲೀಕ ಬೇಡವೆಂದದ್ದನ್ನು ಓಡಿಸಿ ನೋಡುವ ಕೆಲಸಗಾರ ನಮ್ಮ ಶೆಡ್ಡಿನಲ್ಲೂ ಒಬ್ಬನಿದ್ದ. ಅಪ್ಪ ಅವನನ್ನು ಬೈಯದ ದಿನವಿರಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ.

ಕೀಲು ಹೊಸದಾದ ಮಾತ್ರಕ್ಕೆ ಕಾಲು ಹೊಸದಾಗುವುದಿಲ್ಲ. ಮುಂದಿನ ವಾರಗಳಲ್ಲಿ ಮೆಟ್ಟಿಲು ಹತ್ತುವ ನನ್ನನ್ನು ಹುಡುಗಿ ಮೊಬೈಲಿನಲ್ಲಿ ಹಿಡಿದು ತೋರಿಸಿದಳು. ಮೈ ಮುಂದಕ್ಕೆ ಬಾಗಿದೆ. ಬಲತೊಡೆ ಏಳುವ ಬದಲು ಪಕ್ಕದಿಂದ ಸುತ್ತಿ ಬರುತ್ತಿದೆ. ಅದರ ಮೇಲೆ ನಿಂತಾಗ ಇಡೀ ಮೈ ಬಲಕ್ಕೆ ವಾಲುತ್ತಿದೆ, ಥೇಟ್ ಬಾತುಕೋಳಿ. ಒಂಟಿ ಕಾಲಲ್ಲಿ ನಿಂತಾಗ ನಡು ಇನ್ನೊಂದು ಕಡೆಗೆ ಕುಸಿಯದಂತೆ ಎಳೆದು ಹಿಡಿಯುವುದು ಪಿರ್ರೆಯ ಪಕ್ಕದ ಸ್ನಾಯುಗಳು. ನೋವಿಗೆ ಹೆದರಿ ವರ್ಷಗಟ್ಟಲೆ ಕೆಲಸ ಕೊಡದೆ ಅವನ್ನು ಸೋಮಾರಿ ಮಾಡಿದ್ದವಳು ನಾನೇ. ಕೀಲಿನ ಮೇಲೆ ಬೀಳುವ ಭಾರದಲ್ಲಿ ದೊಡ್ಡ ಪಾಲು ಅವುಗಳ ಎಳೆತದ್ದೇ. ಬರ್ಲಿನ್ನಿನ ಸಂಶೋಧಕರು ಕೃತಕ ಕೀಲಿನೊಳಗೇ ಅಳೆಯುವ ಸಾಧನ ಇಟ್ಟು 2001ರಲ್ಲಿ ಲೆಕ್ಕ ಕೊಟ್ಟರು: ನಡೆಯುವಾಗ ಮೈತೂಕದ ಸುಮಾರು 2.4 ಪಟ್ಟು, ಹತ್ತುವಾಗ 2.5, ಇಳಿಯುವಾಗ 2.6. ನನ್ನ ತೂಕ 72 ಕೇಜಿ. ಒಂದೊಂದು ಮೆಟ್ಟಿಲಿಗೂ 180 ಕೇಜಿ! ಹಲ್ಲುಗಾಲಿಯ ಪ್ಲಾಸ್ಟಿಕ್ಕಿನ ಮೇಲೆ ಗೌರವ ಬಂದದ್ದು ಆಗ.

ಆ ಮೊದಲ ದಿನ ಇದ್ಯಾವುದೂ ಗೊತ್ತಿರಲಿಲ್ಲ. ಮಗ ವಾಕರ್ ಹೊತ್ತು ಹಿಂದೆ, ಹುಡುಗಿ ಪಕ್ಕದಲ್ಲಿ, ನಾನು ಕಂಬಿಗೆ ಜೋತುಬಿದ್ದು 18ನ್ನೂ ಎಡಗಾಲಿಟ್ಟೇ ಹತ್ತಿದೆ. ಅತ್ತೆ ಒಂದೊಂದನ್ನೂ ಎಣಿಸಿದರು. ಹೊಸ್ತಿಲ ಮುಂದೆ ನಿಂತಾಗ, "ಇಲ್ಲಾದರೂ ಬಲಗಾಲು ಇಡಿಸಮ್ಮಾ" ಎಂದು ಹುಡುಗಿಯನ್ನು ಕೇಳಿಕೊಂಡರು.

ಅವಳು ಬಗ್ಗಿ ಹೊಸ್ತಿಲಿಗೆ ಬೆರಳು ಹಿಡಿದು ನೋಡಿದಳು. "ಎರಡು ಬೆರಳು ಎತ್ತರ. ಇದು ಮೆಟ್ಟಿಲಲ್ಲ ಬಿಡಿ ಅಜ್ಜಿ, ಯಾವ ಕಾಲಾದರೂ ಸರಿ."

ಅತ್ತೆಯ ಮುಖ ಅರಳಿತು. ಆರತಿ ತಟ್ಟೆಯನ್ನು ಮಗನ ಕೈಗಿಟ್ಟು ಒಳಗೆ ತಿರುಗುತ್ತ, "ಹಾಗಾದರೆ ಒಂದ್ನಿಮಿಷ ತಾಳು, ಸೇರಕ್ಕಿ ತರ್ತೀನಿ" ಎಂದರು.