ವಿಚಿತ್ರ ಎಂದು ಬರೆದೆ

ನೆರಿಯದ ಒಂದು ತೋಟದ ಬದಿಯಲ್ಲಿ ಶ್ರೀತಾಳೆ ಹೂ ಬಿಟ್ಟಿದೆ ಎಂದು ಕೇಳಿ ಕಕ್ಕಿಂಜೆಯಿಂದ ಬೈಕಿನಲ್ಲಿ ಓಡಿದ್ದೆ. ಮರದ ನೆತ್ತಿಯಲ್ಲಿ ಕೆನೆಬಣ್ಣದ ಹೂಗೊಂಚಲು, ಮನೆಯ ಮಾಡಿಗಿಂತ ಎತ್ತರ. ಕೆಳಗೆ ಬಿದ್ದಿದ್ದ ಅಡಿಕೆ ಹಾಳೆಗಳ ಮೇಲೆಲ್ಲ ನುಚ್ಚಕ್ಕಿ ಚೆಲ್ಲಿದಂತೆ ಹೂ.

“ಅಪರೂಪ ಅಲ್ವಾ ಮಾಷ್ಟ್ರೇ? ನಾನು ಮದುವೆಯಾಗಿ ಬರುವಾಗ ಇದು ನನ್ನ ಸೊಂಟದಷ್ಟಿತ್ತು” ಎಂದರು ಮನೆಯ ಅಮ್ಮ.

ಶ್ರೀತಾಳೆ 30ರಿಂದ 80 ವರ್ಷ ಕಾದು, ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆಮೇಲೆ ಮರ ಸಾಯುತ್ತದೆ. ಹೂ ಬಿಟ್ಟರೆ ಮನೆಗೆ ಕೇಡು ಎಂದು ಕಡಿಯುವ ರೂಢಿ ನಮ್ಮ ಕಡೆ ಇದೆ. ಉಡುಪಿಯ ಪ್ರೊ. ಎಸ್.ಎ. ಕೃಷ್ಣಯ್ಯ ಅವರು ಈ ಮರವನ್ನು ಉಳಿಸಲು ವರ್ಷಗಟ್ಟಲೆ ದುಡಿದವರು. ಇದೆಲ್ಲ ಗೊತ್ತಿದ್ದೂ ಪತ್ರಿಕೆಗೆ ಕಳಿಸಿದ ಬರಹಕ್ಕೆ “ನೆರಿಯದಲ್ಲೊಂದು ವಿಚಿತ್ರ ಮರ” ಎಂದು ಹೆಸರಿಟ್ಟೆ. ಅಮ್ಮನ ಮಾತು ನನಗೆ ಸಪ್ಪೆಯೆನಿಸಿತ್ತು.

ನೋಡಲು ಜನ ಬಂದರು. ಬಂದವರು ಏನೇನೋ ಹೇಳಿಹೋದರು. ತಿಂಗಳೆರಡು ಕಳೆದು ನಾನು ಹೋದಾಗ ಅಲ್ಲಿ ಬುಡ ಮಾತ್ರ ಇತ್ತು.

“ಪೇಪರಿನಲ್ಲೇ ವಿಚಿತ್ರ ಅಂತ ಬಂತಲ್ಲ ಮಾಷ್ಟ್ರೇ. ಹೆಂಡತಿ ಬೇರೆ ಬಸುರಿ. ಅಂಥದ್ದನ್ನು ತೋಟದಲ್ಲಿ ಇಟ್ಟುಕೊಂಡು ನಿದ್ದೆ ಹೇಗೆ ಬರ್ತದೆ?” ಎಂದರು ಮಗ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

ಮನೆಗೆ ಬಂದು ನಿಘಂಟು ತೆಗೆದೆ. ಸಂಸ್ಕೃತದಲ್ಲಿ ವಿಚಿತ್ರ ಎಂದರೆ ಬಣ್ಣಬಣ್ಣದ್ದು, ಸೊಗಸಾದದ್ದು. ಅಪರೂಪವೇ ಅಲ್ಲಿ ವಿಕಾರ, ಕುರೂಪ. ನಮ್ಮ ಬಾಯಲ್ಲಿ ಎರಡೂ ಅದಲುಬದಲಾಗಿವೆ. “ಅವನದ್ದೊಂದು ವಿಚಿತ್ರ” ಎಂದರೆ ಅವನಿಂದ ಸ್ವಲ್ಪ ದೂರ ಇರು ಎಂದೇ ಅರ್ಥ. ಬಹುಕಾಲದ ಮೇಲೆ ಬಂದ ನೆಂಟರಿಗೆ “ಏನು ಅಪರೂಪ!” ಎನ್ನುತ್ತ ಚಾಪೆ ಹಾಸುತ್ತೇವೆ, ಬೆಲ್ಲ ನೀರು ಕೊಡುತ್ತೇವೆ. ಐವತ್ತು ವರ್ಷ ಕಾದು ಬಂದ ಹೂವನ್ನು ಆ ಅಮ್ಮ ಹಾಗೆ ಬರಮಾಡಿಕೊಂಡಿದ್ದರು. ಶಬ್ದ ಅವರೇ ಕೊಟ್ಟಿದ್ದರು, ನಾನು ಬದಲಿಸಿದೆ.

ಕಡಿದು ರಾಶಿ ಹಾಕಿದ್ದ ಗೊಂಚಲಿನಿಂದ ಅಂದು ಒಂದು ಚೀಲ ಎಳೆಗಾಯಿ ಆರಿಸಿ ತಂದಿದ್ದೆ. ಮರಳು, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಊರಿ, ಎರಡು ಮಳೆಗಾಲ ಕಾದೆ. ಒಂದೂ ಮೊಳೆಯಲಿಲ್ಲ.